ಮುಂಗಡಕ್ಕೆ ಮುಂಚೆ

ಹಸೀನಾಬಿ, ಆ ಮುಂಗಡದ ಕವರು
ಇವತ್ತೊಂದು ದಿನ ಹತ್ತಿಮೂಟೆಯ ಕೆಳಗೇ ಇರಲಿ.
ಹುಡುಗ ಸಂಜೆ ಬರುತ್ತಾನೆ, ಬರಲಿ.
ಚಾ ಕೊಡಿ. ಕವರು ಕೊಡಬೇಡಿ.

ನಾನು ಕಾಟಾ ರಿಪೇರಿಯವನು, ವೆಬ್‌ಸೈಟಿನ ಪಂಡಿತನಲ್ಲ.
ಆದರೆ ಗಾಂಧಿ ಬಜಾರಿನ ಈ ಓಣಿಯಲ್ಲಿ
ಹದಿನೆಂಟು ಸಾವಿರ ಕೊಟ್ಟು ಕಲಿತವನು ನಾನೊಬ್ಬನೇ.
ನಿಮಗೆ ಪುಕ್ಕಟೆ.

ನನ್ನದು ತೆರೆದರೆ ಒಂದು ಗಾಜಿನ ಕಟ್ಟಡ.
ಟೈ ಕಟ್ಟಿದ ಇಬ್ಬರು ಬಿಳಿಯರು
ಕೈ ಕುಲುಕುತ್ತ ನಗುತ್ತಿದ್ದರು.
ನನ್ನ ಅಂಗಡಿಯಲ್ಲಿ ಕೈ ಕುಲುಕಿದರೆ ಗ್ರೀಸು ಅಂಟುತ್ತದೆ.
ಫೋನ್ ನಂಬರು ಹುಡುಕಲು ಹೆಂಡತಿಗೆ ಹತ್ತು ನಿಮಿಷ ಹಿಡಿಯಿತು,
ಸಿಕ್ಕ ನಂಬರಿನಲ್ಲಿ ಕೊನೆಯ ಅಂಕಿ ತಪ್ಪು.
ಆದರೂ ಹೊಸ ಮೊಮ್ಮಗುವಿನ ಫೋಟೋದ ಹಾಗೆ
ಕಂಡಕಂಡವರಿಗೆ ತೋರಿಸಿದೆ, ಸುಳ್ಳೇಕೆ.

ಎರಡು ವರ್ಷದ ಮೇಲೆ ಹೊಸನಗರದ ಕಡೆಯಿಂದ
ಸೊಸೈಟಿ ಸೆಕ್ರೆಟರಿ ಲಿಂಗೋಜಿರಾಯರು
ಕೆಟ್ಟ ಕಾಟಾ ಒಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು,
‘ನಲವತ್ತು ಬೇಕೆಂದು ನಿಮ್ಮ ಸೈಟಿನಲ್ಲೇ ಬರೆದಿದ್ದೆವಲ್ಲ ಮಾರಾಯ್ರೇ,
ಇಲ್ಲ ಅಂತಲಾದರೂ ಒಂದು ಮಾತು ಬೇಡವೇ?’ ಎಂದರು.

ನಲವತ್ತು.

ಬರೆದವರ ಪತ್ರವೆಲ್ಲ ಹುಡುಗನ ಇಮೇಲಿಗೆ ಬೀಳುತ್ತಿತ್ತಂತೆ.
ಹುಡುಗ ಆ ಇಮೇಲನ್ನೂ ಬಿಟ್ಟು, ಈ ಊರನ್ನೂ ಬಿಟ್ಟು
ಹಾವೇರಿಯಲ್ಲಿ ಜಿಮ್ ಇಟ್ಟಿದ್ದ.
ಆಮೇಲೆ ತಿಳಿಯಿತು, ಹೆಸರೂ ನನ್ನದಲ್ಲ.
ಮೈಲಾರಪ್ಪ ಅಂಡ್ ಸನ್ಸ್ ಎಂಬುದನ್ನು
ತನ್ನ ಹೆಸರಿಗೆ ಬರೆಸಿಕೊಂಡಿದ್ದ.
ಮೋಸವಲ್ಲ, ಹಸೀನಾಬಿ, ಸೋಮಾರಿತನ.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಕಾಟಾಕ್ಕೆ ಮುದ್ರೆ ಹಾಕಿಸುವಂತೆ
ಆ ಹೆಸರಿಗೂ ವರ್ಷಾವರ್ಷ ದುಡ್ಡು ಕಟ್ಟಬೇಕು.
ಕಟ್ಟುವವರಿಲ್ಲದೆ ಅವಧಿ ಮುಗಿದು
ಯಾರೋ ಎತ್ತಿಕೊಂಡರು.
ಈಗ ನನ್ನಪ್ಪನ ಹೆಸರು ಒತ್ತಿದರೆ
ಕೂದಲು ಬೆಳೆಸುವ ಎಣ್ಣೆ ಬರುತ್ತದೆ.
ಅಪ್ಪನ ತಲೆ ಬೋಳು.

ಅದಕ್ಕೇ ಕೇಳುವುದು: ಇದು ನಿಮಗೆ ಯಾಕೆ?
ಎದುರಿನ ಫೋಮ್ ಶೋರೂಮಿನವರಿಗೆ ಇದೆ ಅಂತಲೋ?
ಹಾಗಾದರೆ ಆ ದುಡ್ಡಿಗೆ ಗೋಡೆಗೆ ಸುಣ್ಣ ಹೊಡೆಸಿ.
ಅಲ್ಲ, ಜೂನಿನಲ್ಲಿ ಹಾಸ್ಟೆಲಿನ ಹುಡುಗಿಯರು
ಬಾಗಿಲಲ್ಲೇ ನಿಂತು ಕೇಳುತ್ತಾರಲ್ಲ,
‘ಆಂಟಿ, ಮೂರಡಿಯದು ಎಷ್ಟು, ಎಷ್ಟು ಕೆಜಿ ಹತ್ತಿ, ರೂಮಿಗೆ ತಂದುಕೊಡ್ತೀರಾ?’
ಆ ಮೂರು ಮಾತಿಗೆ ಉತ್ತರ ಇರಲಿ,
ತೆರೆದ ಕೂಡಲೇ, ಕನ್ನಡದಲ್ಲಿ.
ಬರೆಯುವುದು ನೀವೇ. ಅವನಿಗೆ ಬಿಟ್ಟರೆ
‘ಗುಣಮಟ್ಟವೇ ನಮ್ಮ ಧ್ಯೇಯ’ ಎಂದು ಬರೆದು ಎದ್ದುಹೋಗುತ್ತಾನೆ.
ಗೋಡೆಯ ಮೇಲಿರುವ ನಿಮ್ಮ ಅಜ್ಜನ
ಹತ್ತಿ ಹಿಂಜುವ ಬಿಲ್ಲಿನ ಫೋಟೋ ಹಾಕಿಸಿ, ಒಂದೇ ಸಾಕು.
ಹತ್ತು ಹಾಕಿದರೆ ಆಗುಂಬೆ ಬಸ್ಸಿನಲ್ಲಿ,
ಒಂದು ಕಡ್ಡಿ ಸಿಗ್ನಲ್ಲಿನಲ್ಲಿ, ಘಾಟಿ ಇಳಿದರೂ ತೆರೆಯುವುದಿಲ್ಲ.

ಮತ್ತೆ, ಗಿರಾಕಿ ನಿಮ್ಮ ಹಾಸಿಗೆಯ ಹೊಲಿಗೆ ಬಿಚ್ಚಿಸಿ
ಒಳಗೆ ಬೂರುಗವೋ ಚಿಂದಿಯೋ ಎಂದು
ಬೆರಳು ಹಾಕಿ ನೋಡುವುದಿಲ್ಲವೇ?
ನೀವು ಮುನಿಸಿಕೊಳ್ಳುತ್ತೀರಾ?
ಹಾಗೇ ಬೆರಳು ಹಾಕಿ.
ಹೆಸರು ಯಾರದು, ಪಾಸ್‌ವರ್ಡು ಯಾರ ಸೆರಗಿನಲ್ಲಿ?
ಬರುವ ವರ್ಷ ಎಷ್ಟು, ಅದರಾಚೆ ವರ್ಷ ಎಷ್ಟು?
ಹತ್ತಿಯ ದರ ಏರಿದ ದಿನ
ಬೆಲೆ ತಿದ್ದುವುದು ನೀವೋ, ಅವನ ಕಾಲು ಹಿಡಿಯಬೇಕೋ?
ನಾಳೆ ಅವನಿಗೂ ಹಾವೇರಿ ಕರೆದರೆ?
ಅರ್ಧ ಹಾಳೆ ಸಾಕು, ಬರೆಸಿ ಸಹಿ ಹಾಕಿಸಿ.
ಕೊಡುವ ದುಡ್ಡು ಮೂರು ಪಾಲಾಗಲಿ,
ಕೊನೆಯದು ನಿಮ್ಮ ಫೋನಿನಿಂದ ನೀವೇ ಒಂದು ಸಾಲು ತಿದ್ದಿದ ಮೇಲೆ.
ಒಳ್ಳೆಯ ಹುಡುಗನೇ ಇರಬಹುದು.
ಕೇಳಿದವರೇ ಇಲ್ಲವೇನೋ ಅವನನ್ನು, ಇಷ್ಟು ದಿನ.

ಯಾಕೆ ನಗುತ್ತೀರಿ?

ಓ.
ನಿಮ್ಮ ಕಾಟಾದ ಮುದ್ರೆ.
ಜನವರಿಗೇ ಮುಗಿದಿದೆಯೇ?
ಮಾಡಿಸಿ ತರುತ್ತೇನೆ ಅಂತ ನಾನೇ ಒಯ್ದು
ಹಾಗೇ ತಂದಿಟ್ಟೆನೇ?

ಕೊಡಿ ಇತ್ತ.
ಮೋಸವಲ್ಲ, ಹಸೀನಾಬಿ.